ತರಗತಿಗೆ ಕಾಯಿಪಲ್ಲೆ, ಹಣ್ಣು ತಂದು ಪಾಠ ಮಾಡುವವರು ಇದ್ದೀರಾ? ಯಾವ ಪಾಠಕ್ಕೆ ಏನು ತರಬೇಕು?

ಚಿತ್ತಾಪುರ_ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. 4 ಮತ್ತು 5ನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ, ಅವರಿಗೆ ಎಲ್ಲ ವಿಷಯವೂ ನಾನೇ. 6, 7ಕ್ಕೆ ವಿಜ್ಞಾನ ತೆಗೆದುಕೊಳ್ಳುತ್ತೇನೆ.

ನಮ್ಮ ಮಕ್ಕಳು ಹೊಲದಲ್ಲೇ ಬೆಳೆದವರು. ಬೆಂಡೆಕಾಯಿ ತುದಿ ಮುರಿದು ಎಳೆಯದೋ ಬಲಿತದ್ದೋ ಹೇಳುತ್ತಾರೆ. ಸಂತೆಯಲ್ಲಿ ಉಳ್ಳಾಗಡ್ಡಿ ರೇಟು ಹೋದ ವಾರ ಎಷ್ಟಿತ್ತು, ಈ ವಾರ ಎಷ್ಟು ಅನ್ನುವುದೂ ಗೊತ್ತು. ಅದೇ ಮಕ್ಕಳಿಗೆ ಸಸ್ಯದ ಭಾಗಗಳ ಪಾಠ ಬಂದರೆ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಮನೆಯಲ್ಲಿ ತಿನ್ನುವ ಗಜ್ಜರಿಗೂ (ಕ್ಯಾರೆಟ್) ಆ ಪಾಠಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಭಿನ್ನರಾಶಿಯಲ್ಲೂ ಹಾಗೇ. ಒಂದು ರೊಟ್ಟಿಯನ್ನು ನಾಲ್ಕು ಜನಕ್ಕೆ ಸರಿಯಾಗಿ ಹರಿದು ಕೊಡುವ ಹುಡುಗಿ, ಬೋರ್ಡಿನ ಮೇಲೆ ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದು ದೊಡ್ಡದೋ ಅಂತ ಕೇಳಿದರೆ ನಾಲ್ಕನೇ ಒಂದು ಅನ್ನುತ್ತಾಳೆ. ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ ಅಂತ.

ಹಾಗಾಗಿ ಈ ವರ್ಷ ಕಾಯಿಪಲ್ಲೆ, ಹಣ್ಣು ಇಟ್ಟುಕೊಂಡೇ ಕೆಲವು ಪಾಠ ಮಾಡಬೇಕು ಅಂತ ಇದೆ. ಆದರೆ ಮೊಬೈಲಿನಲ್ಲಿ ಹುಡುಕಿದರೆ ಬರುವುದೆಲ್ಲ ಹಣ್ಣಿನ ಮುಖವಾಡ, ಬೆಂಡೆಕಾಯಿ ಬಣ್ಣದಲ್ಲಿ ಅದ್ದಿ ಹೂವು ಮೂಡಿಸುವುದು, ಇಂಥವೇ. ಚೆನ್ನಾಗಿವೆ, ಬೇಡ ಅನ್ನುವುದಿಲ್ಲ. ನನಗೆ ಬೇಕಿರುವುದು ಪಾಠ ನಿಜವಾಗಿ ತಲೆಗೆ ಇಳಿಯುವಂಥದ್ದು.

ಇನ್ನೂ ಕೆಲವು ಚಿಂತೆ ಇವೆ. ಖರ್ಚು ನನ್ನ ಕೈಯಿಂದಲೇ. ಮಕ್ಕಳಿಗೆ ತರಲು ಹೇಳಬಹುದಾ? ಕೆಲವು ಮಕ್ಕಳು ಬೆಳಿಗ್ಗೆ ಏನೂ ತಿನ್ನದೆ ಬರುತ್ತಾರೆ, ಅವರ ಮುಂದೆ ಬಾಳೆಹಣ್ಣು ಕತ್ತರಿಸಿ ಪ್ರಯೋಗ ಅಂತ ಬಿಸಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಮುಖ್ಯ ಗುರುಗಳು ಒಳ್ಳೆಯವರೇ, ಆದರೆ ಮೊದಲು ಪಾಠ ಮುಗಿಸಿ, ಆಟ ಆಮೇಲೆ ಅನ್ನುತ್ತಾರೆ. ಮಾಡಿ ನೋಡಿದವರು ದಯವಿಟ್ಟು ಬಿಡಿಸಿ ಬರೆಯಿರಿ.

ಬೀದರ್_ವಿಜ್ಞಾನ:

ಮೇಡಂ, ನಾನು ಬೀದರ್ ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಮೊದಲು ಒಂದು ಮಾತು. ತೋರಿಸುವುದಕ್ಕೆ ಅಂತ ತರಕಾರಿ ತರಬೇಡಿ. ನಿಮ್ಮ ಮಕ್ಕಳು ಬದನೆಕಾಯಿ ನೋಡದವರಲ್ಲ. ಅವರ ಊಹೆ ತಲೆಕೆಳಗಾಗುವಂಥ ಒಂದು ಪ್ರಶ್ನೆ ಕೈಯಲ್ಲಿದ್ದರೆ ಮಾತ್ರ ತನ್ನಿ. ನೋಡಿದ್ದನ್ನೇ ಮತ್ತೆ ನೋಡಿದರೆ ಏನು ಬಂತು?

ಮುಳುಗುವುದು, ತೇಲುವುದು ತೆಗೆದುಕೊಳ್ಳಿ. ಒಂದು ದೊಡ್ಡ ಬಕೆಟ್ ನೀರು, ಸಣ್ಣದೊಂದು ಕಲ್ಲಂಗಡಿ, ಒಂದು ದ್ರಾಕ್ಷಿ, ಒಂದು ಆಲೂಗಡ್ಡೆ, ಒಂದು ಹಸಿಮೆಣಸಿನಕಾಯಿ, ಸಿಪ್ಪೆ ಸುಲಭವಾಗಿ ಬಿಡುವ ಕಿತ್ತಳೆ ಒಂದು. ಯಾವುದು ಮುಳುಗುತ್ತದೆ ಅಂತ ಮೊದಲು ಕೈ ಎತ್ತಿಸಿ, ಬೋರ್ಡಿನ ಮೇಲೆ ಬರೆದುಬಿಡಿ. ಬರೆಸದೆ ನೀರಿಗೆ ಹಾಕಬೇಡಿ, ಆಮೇಲೆ ಎಲ್ಲರೂ ನನಗೆ ಮೊದಲೇ ಗೊತ್ತಿತ್ತು ಸರ್ ಅನ್ನುತ್ತಾರೆ. ಭಾರದ್ದು ಮುಳುಗುತ್ತದೆ ಅಂತಲೇ ಹೆಚ್ಚಿನ ಮಕ್ಕಳು ಹೇಳುವುದು. ಕಲ್ಲಂಗಡಿ ತೇಲುತ್ತದೆ, ದ್ರಾಕ್ಷಿ ಮುಳುಗುತ್ತದೆ. ಆಗ ತರಗತಿಯಲ್ಲಿ ಎದ್ದೇಳುವ ಗದ್ದಲವೇ ಪಾಠದ ಶುರು. ಕಿತ್ತಳೆಯನ್ನು ಸಿಪ್ಪೆ ಸಮೇತ ಹಾಕಿ, ತೇಲುತ್ತದೆ. ಸುಲಿದು ಹಾಕಿ, ಮುಳುಗುತ್ತದೆ. ಸುಲಿದ ಮೇಲೆ ತೂಕ ಕಡಿಮೆಯಾಯಿತಲ್ಲ, ಹಾಗಾದರೆ ಮುಳುಗಿದ್ದು ಯಾಕೆ ಅಂತ ಕೇಳಿ ಸುಮ್ಮನಿದ್ದುಬಿಡಿ. ಸಿಪ್ಪೆಯೊಳಗಿನ ಬಿಳಿ ಭಾಗದಲ್ಲಿ ಗಾಳಿ ತುಂಬಿರುತ್ತದೆ, ಅಲ್ಲಿಗೆ ಯಾರಾದರೂ ಒಬ್ಬರು ಬಂದೇ ಬರುತ್ತಾರೆ. ಕೊನೆಗೆ ಒಂದು ಲೋಟದಲ್ಲಿ ಆಲೂಗಡ್ಡೆ ತುಂಡು ಮುಳುಗಿಸಿ ಉಪ್ಪು ಹಾಕಿ ಕದಡುತ್ತಾ ಹೋಗಿ. ಉಪ್ಪು ಸಾಕಷ್ಟು ಕರಗಿದ ಮೇಲೆ ತುಂಡು ಮೇಲೆ ಬರುತ್ತದೆ. ಸಾಂದ್ರತೆ, ಅಂದರೆ ಒಂದೇ ಗಾತ್ರಕ್ಕೆ ತೂಕ ಎಷ್ಟು, ಅನ್ನುವ ಮಾತು ಆಗ ಹೇಳಿ, ಅದಕ್ಕೂ ಮೊದಲು ಬೇಡ.

ಸಸ್ಯದ ಭಾಗಗಳಿಗೆ ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯ ಹೊತ್ತು ಇಲ್ಲ. ನಮ್ಮ ಕಡೆ ಆ ದಿನ ಯಾರ ಮನೆಯಲ್ಲಿ ಭಜ್ಜಿ (ಹಲವು ಕಾಯಿಪಲ್ಲೆ, ಕಾಳು ಸೇರಿಸಿ ಮಾಡುವ ಪಲ್ಲೆ) ಆಗುವುದಿಲ್ಲ ಹೇಳಿ. ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಬೆಳೆಗೆ ನೈವೇದ್ಯ ಎರಚಿ) ಬಂದ ಮಾರನೆಯ ದಿನ, ನಿಮ್ಮ ಮನೆಯ ಭಜ್ಜಿಯಲ್ಲಿ ಏನೇನು ಬಿತ್ತು ಅಂತ ಪಟ್ಟಿ ಮಾಡಿಸಿ. ಗಜ್ಜರಿ, ಮೆಂತ್ಯ, ಬದನೆಕಾಯಿ, ಹಸಿ ಕಡಲೆ, ತೊಗರಿ, ಉಳ್ಳಾಗಡ್ಡಿ ಅಂತ ಬೋರ್ಡು ತುಂಬುತ್ತದೆ. ಈಗ ಒಂದೊಂದು ಗಿಡದ ಯಾವ ಭಾಗ ಅಂತ ಕೇಳಿ. ಗಜ್ಜರಿ ಬೇರು, ಮೆಂತ್ಯ ಎಲೆ, ಬದನೆ ಹಣ್ಣು. ಬದನೆಕಾಯಿ ಹಣ್ಣು ಅಂದ ಕೂಡಲೇ ಜಗಳ ಶುರುವಾಗುತ್ತದೆ, ಆಗಲಿ ಬಿಡಿ. ಹೂವಿನಿಂದ ಆಗಿದೆಯಾ, ಒಳಗೆ ಬೀಜ ಇದೆಯಾ? ಹಾಗಿದ್ದರೆ ವಿಜ್ಞಾನಕ್ಕೆ ಅದು ಹಣ್ಣು, ಅಡುಗೆಮನೆಯಲ್ಲಿ ಅದು ಪಲ್ಲೆಯೇ, ಎರಡೂ ಸರಿ. ಬೆಂಡೆ, ಟೊಮೆಟೊ, ಸವತೆ, ಮೆಣಸಿನಕಾಯಿ ಎಲ್ಲ ಇದೇ ಸಾಲಿಗೆ.

ಮಣ್ಣೊಳಗೆ ಬೆಳೆದದ್ದೆಲ್ಲ ಬೇರು ಅಂದುಕೊಂಡಿರುತ್ತಾರೆ. ಒಂದು ಆಲೂಗಡ್ಡೆ, ಒಂದು ಗೆಣಸು ಪಕ್ಕಪಕ್ಕ ಇಡಿ. ಆಲೂಗಡ್ಡೆಯ ಕಣ್ಣುಗಳು ಮೊಗ್ಗು, ಅಲ್ಲಿಂದಲೇ ಚಿಗುರುವುದು, ಹಾಗಾಗಿ ಅದು ಕಾಂಡ. ಗೆಣಸು ಬೇರು. ನಮ್ಮ ಬೀದರ್ ಭಾಗದಲ್ಲಿ ಶುಂಠಿ ಬೆಳೆಯುತ್ತಾರೆ, ಮೊಳಕೆ ಇರುವ ತುಂಡು ಮಾಡಿ ನೆಡುವುದನ್ನು ಮಕ್ಕಳು ನೋಡಿರುತ್ತಾರೆ. ಅದೂ ಕಾಂಡವೇ. ಉಳ್ಳಾಗಡ್ಡಿಯನ್ನು ಉದ್ದಕ್ಕೆ ಸೀಳಿ ತೋರಿಸಿ, ಕೆಳಗಿನ ಗಟ್ಟಿ ಬಿಲ್ಲೆ ಕಾಂಡ, ಪದರಗಳೆಲ್ಲ ಎಲೆ.

6, 7ಕ್ಕೆ ಪಿಷ್ಟದ ಪರೀಕ್ಷೆ ಖಂಡಿತ ಮಾಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಟಿಂಚರ್ ಅಯೋಡಿನ್ ಸ್ವಲ್ಪ ನೀರು ಬೆರೆಸಿಕೊಳ್ಳಿ. ಆಲೂಗಡ್ಡೆ ಹೋಳಿನ ಮೇಲೆ ಒಂದು ಹನಿ, ನೀಲಿ ಕಪ್ಪಾಗುತ್ತದೆ. ಸವತೆಕಾಯಿ ಮೇಲೆ ಹಾಗಾಗುವುದಿಲ್ಲ. ಇಷ್ಟಕ್ಕೇ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಒಂದು ಹಸಿರು ಬಾಳೆಕಾಯಿ, ಒಂದು ಚುಕ್ಕೆ ಬಿದ್ದ ಕಳಿತ ಬಾಳೆಹಣ್ಣು, ಎರಡರ ಹೋಳಿಗೂ ಹನಿ ಹಾಕಿ. ಕಾಯಿ ಕಡುಕಪ್ಪಾಗುತ್ತದೆ, ಹಣ್ಣಿನ ಬಣ್ಣ ಅಷ್ಟು ಬದಲಾಗುವುದಿಲ್ಲ. ಪಿಷ್ಟ ಎಲ್ಲಿ ಹೋಯಿತು? ನಾಲಿಗೆಗೆ ಸಿಹಿ ಎಲ್ಲಿಂದ ಬಂತು? ಅಲ್ಲಿಂದ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಯಾಕೆ ಮುಚ್ಚಿ ಇಡುತ್ತಾರೆ ಅನ್ನುವ ಮಾತಿಗೆ ಹೋಗಬಹುದು. ಕಾಯಿಯೇ ಬಿಡುವ ಎಥಿಲೀನ್ ಅನಿಲ ಹೊರಗೆ ಹೋಗದೆ ಅಲ್ಲೇ ಉಳಿದು ಬೇಗ ಹಣ್ಣಾಗುತ್ತದೆ. ಕಾರ್ಬೈಡ್ ಇಟ್ಟು ಹಣ್ಣು ಮಾಡುವುದಕ್ಕೆ ನಮ್ಮ ದೇಶದಲ್ಲಿ ನಿಷೇಧ ಇದೆ ಅನ್ನುವುದನ್ನೂ ಸೇರಿಸಿ ಹೇಳಿ, ಮಕ್ಕಳು ಮನೆಯಲ್ಲಿ ಹೋಗಿ ಹೇಳುತ್ತಾರೆ.

ಲಿಂಬೆಹಣ್ಣಿನ ಬ್ಯಾಟರಿ ಬಗ್ಗೆ ಎಲ್ಲ ಕಡೆ ಇದೆ, ಆದರೆ ಅರ್ಧಂಬರ್ಧ. ಒಂದು ಲಿಂಬೆಗೆ ಒಂದು ತಾಮ್ರದ ತಂತಿ, ಒಂದು ಜಿ.ಐ. ಮೊಳೆ (ಸತು ಲೇಪಿಸಿದ ಕಬ್ಬಿಣದ ಮೊಳೆ) ಚುಚ್ಚಿದರೆ ಹತ್ತಿರ ಹತ್ತಿರ ಒಂದು ವೋಲ್ಟ್ ಬರುತ್ತದೆ. ಅಷ್ಟಕ್ಕೆ ಟಾರ್ಚಿನ ಬಲ್ಬು ಉರಿಯುವುದಿಲ್ಲ. ನಾಲ್ಕು ಲಿಂಬೆ ಸಾಲಾಗಿ ಜೋಡಿಸಿ ಕೆಂಪು ಎಲ್‌ಇಡಿ ಹಾಕಿ, ಅದರ ಉದ್ದ ಕಾಲು ತಾಮ್ರದ ಕಡೆ ಇರಲಿ, ಕಿಟಕಿ ಮುಚ್ಚಿದರೆ ಮಂದ ಬೆಳಕು ಕಾಣುತ್ತದೆ. ಕರೆಂಟು ಲಿಂಬೆಯಲ್ಲಿದೆ ಅಂತ ಮಾತ್ರ ಹೇಳಬೇಡಿ. ಶಕ್ತಿ ಬರುವುದು ಮೊಳೆಯ ಮೇಲಿನ ಸತು ಕರಗುವುದರಿಂದ, ಲಿಂಬೆ ರಸ ದಾರಿ ಮಾಡಿಕೊಡುತ್ತದೆ ಅಷ್ಟೇ. ಪುಂಡಿಪಲ್ಲೆ (ಹುಳಿ ಸೊಪ್ಪು) ಅರೆದ ರಸದಲ್ಲಿ, ಹುಣಸೆ ನೀರಿನಲ್ಲಿ ಕೂಡ ಮಾಡಿ ನೋಡಿ. ನಮ್ಮೂರಿನ ಮಕ್ಕಳಿಗೆ ನಾನು ಬಿದ್ರಿ ಪಾತ್ರೆ ನೆನಪು ಮಾಡುತ್ತೇನೆ. ಅದರ ಲೋಹದಲ್ಲಿ ಹೆಚ್ಚಿನದು ಸತು, ಜೊತೆಗೆ ಸ್ವಲ್ಪ ತಾಮ್ರ. ಇಲ್ಲೂ ಅದೇ ಎರಡು ಲೋಹ ಅಂದಾಗ ಕಣ್ಣರಳಿಸಿ ಕೇಳುತ್ತಾರೆ.

ಒಂದು ಕಟ್ಟುನಿಟ್ಟು. ಅಯೋಡಿನ್ ಬಿದ್ದ ಹೋಳು, ಮೊಳೆ ಚುಚ್ಚಿದ ಲಿಂಬೆ ಯಾರೂ ಬಾಯಿಗೆ ಹಾಕಬಾರದು. ಅವನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ. ತಿನ್ನುವುದು ಬೇರೆ ತಟ್ಟೆ, ಪ್ರಯೋಗ ಬೇರೆ ತಟ್ಟೆ.

ಶಹಾಪುರ_ಗಣಿತ:

ಬೀದರ್ ಸರ್ ಹೇಳಿದ್ದಕ್ಕೆ ನನ್ನದೂ ಹೂಂ. ಗಣಿತದ ಮಾತು ನಾನು ಹೇಳುತ್ತೇನೆ.

ಮೇಡಂ, ಭಿನ್ನರಾಶಿಗೆ ಕಲ್ಲಂಗಡಿ, ಸೇಬು ಬೇಡ. ಚಿತ್ರದಲ್ಲಿ ಚಂದ, ಕತ್ತರಿಸಿದರೆ ಎಂಟು ಹೋಳು ಎಂಟು ಥರ. ಮಕ್ಕಳ ಕಣ್ಣು ದೊಡ್ಡ ಹೋಳಿನ ಮೇಲೆ, ನಿಮ್ಮ ಮಾತು ಎಂಟನೇ ಒಂದರ ಮೇಲೆ. ಸಮ ಭಾಗ ಅನ್ನುವುದೇ ಅಲ್ಲಿ ಸುಳ್ಳಾಗಿಬಿಡುತ್ತದೆ. ಉದ್ದನೆಯ ಸವತೆಕಾಯಿ ತೆಗೆದುಕೊಳ್ಳಿ, ಒಂದೇ ಅಳತೆಯ ಎರಡು. ಎರಡರ ತುದಿಯನ್ನೂ ಸರಿ ಮಾಡಿ ಪಕ್ಕಪಕ್ಕ ಇಡಿ, ಒಂದನ್ನು ಮೂರು ಮಾಡಿ, ಇನ್ನೊಂದನ್ನು ನಾಲ್ಕು. ಸ್ಕೇಲಿನಿಂದ ಅಳೆದು ಗುರುತು ಹಾಕುವುದು ಮಕ್ಕಳೇ. ಆಮೇಲೆ ಆ ಹುಡುಗಿಗೆ ಕೇಳಿ, ನಿನಗೆ ಯಾವುದು ಬೇಕು, ಮೂರನೇ ಒಂದಾ ನಾಲ್ಕನೇ ಒಂದಾ ಅಂತ. ಹಸಿದ ಮಗು ತಪ್ಪು ಉತ್ತರ ಹೇಳುವುದಿಲ್ಲ. ಜನ ಹೆಚ್ಚಾದಷ್ಟೂ ಪಾಲು ಸಣ್ಣದು ಅನ್ನುವುದು ಅವರಿಗೆ ಮೊದಲೇ ಗೊತ್ತು, ಅದನ್ನು ಬರೆಯುವ ಕ್ರಮಕ್ಕೆ ಜೋಡಿಸುವುದಷ್ಟೇ ನಮ್ಮ ಕೆಲಸ.

ಇನ್ನೊಂದು ಪ್ರಶ್ನೆ ಕೇಳಲೇಬೇಕು. ದೊಡ್ಡ ಸವತೆಕಾಯಿಯ ಅರ್ಧ, ಸಣ್ಣ ಸವತೆಕಾಯಿಯ ಅರ್ಧ, ಎರಡೂ ಒಂದೇನಾ? ಇದನ್ನು ಬೋರ್ಡಿನ ಮೇಲೆ ಎಷ್ಟು ಹೇಳಿದರೂ ಇಳಿಯುವುದಿಲ್ಲ, ಕೈಯಲ್ಲಿ ಹಿಡಿದಾಗ ಇಳಿಯುತ್ತದೆ. ಇಷ್ಟಾದ ಮೇಲೆ ಸವತೆಕಾಯಿ ತಿಂದು ಮುಗಿಸಿ ಕಾಗದದ ಪಟ್ಟಿಗೆ ಬನ್ನಿ, ಅಲ್ಲಿಂದ ಸಂಖ್ಯಾರೇಖೆಗೆ. ಭಿನ್ನರಾಶಿ ಕೂಡಿಸುವುದಕ್ಕೂ ಕಾಯಿಪಲ್ಲೆಯನ್ನೇ ಎಳೆದುಕೊಂಡು ಹೋದರೆ ಕಷ್ಟ ಜಾಸ್ತಿ, ಲಾಭ ಇಲ್ಲ. ಎಲ್ಲಿ ಬಿಡಬೇಕು ಅನ್ನುವುದು ಗೊತ್ತಿರಬೇಕು.

ಖರ್ಚಿನ ಬಗ್ಗೆ ಕೇಳಿದ್ದೀರಿ. ನಿಮ್ಮ ಶಾಲೆಯಲ್ಲಿ ಬಿಸಿಯೂಟ ಇದೆ ಅಲ್ವಾ? ಅಲ್ಲಿ ದಿನಾ ತರಕಾರಿ ಬರುತ್ತದೆ, ತಕ್ಕಡಿ ಇದೆ. ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, 20 ಗ್ರಾಂ ಬೇಳೆ, 100 ಗ್ರಾಂ ಧಾನ್ಯ. 6ರಿಂದ 8ಕ್ಕೆ 75 ಗ್ರಾಂ ತರಕಾರಿ, 30 ಗ್ರಾಂ ಬೇಳೆ, 150 ಗ್ರಾಂ ಧಾನ್ಯ. ಇವತ್ತು ಹಾಜರಿ ಕೆಳಗಿನ ತರಗತಿಗಳಲ್ಲಿ 62, ಮೇಲೆ 40 ಅಂದುಕೊಳ್ಳಿ. 62 ಗುಣಿಸು 50, 3100 ಗ್ರಾಂ. 40 ಗುಣಿಸು 75, 3000 ಗ್ರಾಂ. ಒಟ್ಟು 6 ಕಿಲೋ 100 ಗ್ರಾಂ. ಬೆಳಿಗ್ಗೆ ಹಾಜರಿ ಎಣಿಸಿ ಇಬ್ಬರು ಮಕ್ಕಳು ಲೆಕ್ಕ ಮಾಡಲಿ, ಅಡುಗೆಯವರ ತಕ್ಕಡಿಯಲ್ಲಿ ತೂಗಿ ನೋಡಲಿ. ಸಿಪ್ಪೆ ತೆಗೆಯುವ ಮೊದಲು ಎಷ್ಟು, ತೆಗೆದ ಮೇಲೆ ಎಷ್ಟು, ಶೇಕಡಾ ಎಷ್ಟು ಹೋಯಿತು? ಒಂದು ರೂಪಾಯಿ ಖರ್ಚಿಲ್ಲ, ಒಂದು ಚೂರು ಹಾಳಿಲ್ಲ. ಗುಣಾಕಾರ, ಗ್ರಾಂ–ಕಿಲೋ, ಶೇಕಡಾ ಎಲ್ಲ ಇದರೊಳಗೇ ಇವೆ. ಮೊಟ್ಟೆ ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುವ ದಿನ ಯಾರಿಗೆ ಎಷ್ಟು ಅನ್ನುವ ಚಿತ್ರ ನಕ್ಷೆಯನ್ನು 4ನೇ ತರಗತಿಯವರೇ ಬರೆಯಬಹುದು. ನಿಮ್ಮ ಮುಖ್ಯ ಗುರುಗಳಿಗೂ ಇದೇ ಉತ್ತರ, ಇದು ಪಾಠ ಬಿಟ್ಟು ಆಡುವ ಆಟ ಅಲ್ಲ, ಪಾಠವೇ ಇದು.

ತೊಗರಿ ಕಾಯಿ ಬಲಿಯುವ ಹೊತ್ತಿಗೆ ದತ್ತಾಂಶದ ಪಾಠ ಇಟ್ಟುಕೊಳ್ಳಿ. ನಮ್ಮ ಜಿಲ್ಲೆಗಳಲ್ಲಿ ತೊಗರಿ ಇಲ್ಲದ ಊರು ಇಲ್ಲ, ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಗುರುತು (ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ಒಂದು ಗಿಡದಿಂದ ಒಂದು ಬೊಗಸೆ ಹಸಿ ಕಾಯಿ ಸಾಕು. ಒಂದೊಂದು ಕಾಯಿ ಬಿಡಿಸಿ ಕಾಳು ಎಷ್ಟು ಅಂತ ಎಣಿಸಿ ಗೀಟು ಹಾಕಲಿ. ಎಷ್ಟು ಕಾಳಿನ ಕಾಯಿ ಜಾಸ್ತಿ ಇವೆ, ಸರಾಸರಿ ಎಷ್ಟು, ಇದೇ ಗಿಡದಲ್ಲಿ 200 ಕಾಯಿ ಇದ್ದರೆ ಕಾಳು ಎಷ್ಟಾಗಬಹುದು? ನಡುವೆ ಹುಳ ಹೊಕ್ಕ ಕಾಯಿ ಸಿಕ್ಕೇ ಸಿಗುತ್ತದೆ. ಅದನ್ನು ಬಿಸಾಡಬೇಡಿ, ನೂರು ಕಾಯಿಗೆ ಎಷ್ಟು ಹುಳ ಬಿದ್ದದ್ದು ಅಂತ ಬೇರೆ ಕಾಲಂ ಮಾಡಿ. ಮನೆಯಲ್ಲಿ ಅಪ್ಪ ಕಾಯಿಕೊರಕದ ಬಗ್ಗೆ ತಲೆ ಕೆಡಿಸಿಕೊಂಡಿರುವುದು ಯಾಕೆ ಅನ್ನುವುದು ಆ ಕಾಲಂನಲ್ಲಿ ಕಾಣುತ್ತದೆ. ಬೇಳೆ ಎರಡಾಗುತ್ತದೆ, ಜೋಳ ಆಗುವುದಿಲ್ಲ ಅನ್ನುವ ದ್ವಿದಳ, ಏಕದಳದ ಮಾತೂ ಅಲ್ಲೇ ಮುಗಿಯುತ್ತದೆ.

ದೊಡ್ಡ ತರಗತಿಯವರು ಯಾರಾದರೂ ಓದುತ್ತಿದ್ದರೆ ಇದನ್ನೂ ನೋಡಿ. ಗೋಳದ ಮೇಲ್ಮೈ ನಾಲ್ಕು ಪೈ ಆರ್ ವರ್ಗ ಅಂತ ಮಕ್ಕಳು ಉರು ಹೊಡೆಯುತ್ತಾರೆ. ದುಂಡನೆಯ ಕಿತ್ತಳೆಯನ್ನು ಸರಿ ಅರ್ಧಕ್ಕೆ ಕತ್ತರಿಸಿ, ಆ ಅರ್ಧವನ್ನು ಕಾಗದದ ಮೇಲೆ ಬೋರಲು ಇಟ್ಟು ಸುತ್ತ ಗೆರೆ ಎಳೆಯಿರಿ. ಅಂಥ ವೃತ್ತ ಐದಾರು ಬರೆಯಿರಿ. ಈಗ ಇಡೀ ಹಣ್ಣಿನ ಸಿಪ್ಪೆಯನ್ನು ಸಣ್ಣ ಚೂರು ಮಾಡಿ ವೃತ್ತಗಳ ಒಳಗೆ ಸಂದಿ ಬಿಡದೆ ತುಂಬುತ್ತಾ ಬನ್ನಿ. ನಾಲ್ಕು ವೃತ್ತ ತುಂಬುವ ಹೊತ್ತಿಗೆ ಸಿಪ್ಪೆ ಮುಗಿಯುತ್ತದೆ. ಸೂತ್ರದೊಳಗಿನ ನಾಲ್ಕು ಅಂದರೆ ಏನು ಅಂತ ಆಮೇಲೆ ಯಾರೂ ಕೇಳಬೇಕಾಗಿಲ್ಲ. ಮೋಸಂಬಿ ತರಬೇಡಿ, ಸಿಪ್ಪೆ ಬಿಡುವುದಿಲ್ಲ. ಚಳಿಗಾಲದಲ್ಲಿ ಬರುವ ನಾಗಪುರದ ಕಿತ್ತಳೆ ಇದಕ್ಕೆ ಸರಿ.

ಕಲ್ಯಾಣದ_ನಿವೃತ್ತ_ಮಾಸ್ತರ:

ತಂಗಿ, ನೀನು ಎಲ್ಲ ವಿಷಯ ಹೇಳುತ್ತೇನೆ ಅಂದೆಯಲ್ಲ, ಇಲ್ಲಿ ಎಲ್ಲರೂ ಗಣಿತ, ವಿಜ್ಞಾನದ ಹಿಂದೆಯೇ ಬಿದ್ದಿದ್ದಾರೆ. ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ.

ಮೇಜಿನ ಮೇಲೆ ಒಣಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಶೇಂಗಾ, ಪೇರಲ ಒಂದು ಕಡೆ ಇಡು. ಬದನೆ, ಸವತೆ, ತೊಗರಿ, ಮಾವು, ಕರಿಮೆಣಸು ಇನ್ನೊಂದು ಕಡೆ. ಬಸವಣ್ಣನವರ ಕಾಲದಲ್ಲಿ, ಅಂದರೆ 12ನೇ ಶತಮಾನದಲ್ಲಿ, ಕಲ್ಯಾಣದ ದಾಸೋಹದಲ್ಲಿ ಇವುಗಳಲ್ಲಿ ಯಾವುದು ಇತ್ತು ಅಂತ ಕೇಳು. ಎಲ್ಲವೂ ಇತ್ತು ಅನ್ನುತ್ತಾರೆ ಮಕ್ಕಳು. ದೊಡ್ಡವರೂ ಹಾಗೇ ಅನ್ನುತ್ತಾರೆ. ಮೊದಲ ಸಾಲಿನ ಒಂದೂ ಇರಲಿಲ್ಲ. ಅವೆಲ್ಲ ಅಮೆರಿಕ ಖಂಡದವು. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಆಮೇಲೆ ಪೋರ್ಚುಗೀಸರ ಹಡಗಿನ ಜೊತೆ ಮೆಣಸಿನಕಾಯಿ ನಮ್ಮ ನಾಡಿಗೆ ಬಂತು. ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾದ 1347ರಲ್ಲಿ ಮೆಣಸಿನಕಾಯಿ ಇಲ್ಲ. ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿದ 1472ರಲ್ಲೂ ಇಲ್ಲ. ನಮ್ಮ ಶೇಂಗಾ ಹಿಂಡಿ, ಕೆಂಪು ಚಟ್ನಿ ಇಲ್ಲದೆ ಜನ ರೊಟ್ಟಿ ತಿಂದದ್ದು ಹೇಗೆ? ಖಾರಕ್ಕೆ ಕರಿಮೆಣಸು, ಹಿಪ್ಪಲಿ. ಆ ಕರಿಮೆಣಸಿಗಾಗಿಯೇ ಅಲ್ಲವೇ ಪೋರ್ಚುಗೀಸರು ಸಮುದ್ರ ದಾಟಿ ಬಂದದ್ದು. ಮಕ್ಕಳು ಒಂದು ಮೆಣಸಿನಕಾಯಿ ಕೈಯಲ್ಲಿ ಹಿಡಿದು ಇಷ್ಟು ದೂರದ ಕಥೆ ಹೇಳಬಲ್ಲರು.

ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿಸು. ಇಸವಿ ಬರೆದ ಚೀಟಿ ತೂಗುಹಾಕು. ಯಾವ ಕಾಯಿ ಎಲ್ಲಿಂದ ಮುಂದೆ ಬರಬೇಕು ಅಂತ ಮಕ್ಕಳೇ ದಾರದಿಂದ ಕಟ್ಟಲಿ. ಮೆಣಸಿನಕಾಯಿ 1498ರ ಚೀಟಿಯ ಹಿಂದೆ ಕಟ್ಟಿದರೆ ಬೇರೆ ಮಕ್ಕಳೇ ಕೂಗುತ್ತಾರೆ. ಒಣಮೆಣಸಿನಕಾಯಿ, ಶೇಂಗಾ, ತೊಗರಿ ವಾರಗಟ್ಟಲೆ ಹಾಗೇ ಇರುತ್ತವೆ, ಕೊಳೆಯುವುದಿಲ್ಲ. ಆಮೇಲೆ 12ನೇ ಶತಮಾನದ ದಾಸೋಹಕ್ಕೆ ಏನೇನು ಅಡುಗೆ ಮಾಡಬಹುದಿತ್ತು ಅಂತ ಬರೆಯಿಸು. ಜೋಳದ ರೊಟ್ಟಿ ಬರುತ್ತದೆ, ತೊಗರಿಬೇಳೆ ಬರುತ್ತದೆ, ಬದನೆಕಾಯಿ ಪಲ್ಲೆಗೆ ಕರಿಮೆಣಸು ಹಾಕುತ್ತಾರೆ. ಕನ್ನಡ ಬರವಣಿಗೆಯೂ ಆಯಿತು.

ಕನ್ನಡಕ್ಕೆ ಬೇರೆಯೇ ಬೇಕು ಅಂದರೆ ಬಟ್ಟೆ ಚೀಲದಲ್ಲಿ ಒಂದು ಕಾಯಿ ಹಾಕಿ, ಒಬ್ಬ ಹುಡುಗ ಒಳಗೆ ಕೈ ಇಟ್ಟು ಮುಟ್ಟಿ ವರ್ಣಿಸಲಿ, ಹೆಸರು ಹೇಳಬಾರದು. ನುಣುಪು, ಒರಟು, ಜಿಗುಟು, ಮೊನಚು ಅನ್ನುವ ಮಾತುಗಳು ತಾವೇ ಬರುತ್ತವೆ. ಹಾಗಲಕಾಯಿ ಹಾಕಿದ ದಿನ ನಗು ತಡೆಯುವುದು ಕಷ್ಟ.

ಕಾಯಿಪಲ್ಲೆ_ಅಂಗಡಿ_ಕಲಬುರಗಿ:

ನಾನು ಟೀಚರ್ ಅಲ್ಲ. ಕಲಬುರಗಿಯಲ್ಲಿ ಕಾಯಿಪಲ್ಲೆ ಅಂಗಡಿ ಇದೆ, ಮಗಳು 6ನೇ ತರಗತಿ. ಓದಿ ಸುಮ್ಮನಿರಲು ಆಗಲಿಲ್ಲ.

ಮೇಡಂ, ಮಕ್ಕಳಿಗೆ ಮನೆಯಿಂದ ತನ್ನಿ ಅಂತ ದಯವಿಟ್ಟು ಹೇಳಬೇಡಿ. ತರಲು ಆಗದ ಮಗು ಆ ದಿನ ಶಾಲೆಗೇ ಬರುವುದಿಲ್ಲ. ತಂದವರ ಮಧ್ಯೆಯೂ ಒಬ್ಬರ ಕೈಯಲ್ಲಿ ಸೇಬು, ಇನ್ನೊಬ್ಬರ ಕೈಯಲ್ಲಿ ಮುದುಡಿದ ಮೂಲಂಗಿ, ಅದನ್ನು ಮಕ್ಕಳು ಮರೆಯುವುದಿಲ್ಲ. ಹೊಲದ ತೊಗರಿ ಕಾಯಿ ಬೇರೆ ಮಾತು.

ಅಂಗಡಿಯವರನ್ನು ಕೇಳಿ. ಸೊಟ್ಟ ಗಜ್ಜರಿ, ಸೀಳು ಬಿಟ್ಟ ಟೊಮೆಟೊ, ಮೊಳಕೆ ಬಂದ ಉಳ್ಳಾಗಡ್ಡಿ, ಆಲೂಗಡ್ಡೆ ನಮಗೆ ಮಾರಾಟ ಆಗುವುದಿಲ್ಲ. ಕತ್ತರಿಸಿ ನೋಡುವ ಪಾಠಕ್ಕೆ ಅವು ಸಾಕು, ಮೊಳಕೆ ಬಂದದ್ದಂತೂ ನಿಮಗೆ ಇನ್ನೂ ಒಳ್ಳೆಯದು. ಶಾಲೆಗೆ ಅಂದರೆ ಯಾರೂ ದುಡ್ಡು ಕೇಳುವುದಿಲ್ಲ. ಸಂತೆ ಏಳುವ ಹೊತ್ತಿಗೆ ಹೋದರೆ ರೇಟೂ ಇಳಿದಿರುತ್ತದೆ.

ಖಾಲಿ ಡಬ್ಬಗಳನ್ನೂ ಕೇಳಿ ಪಡೆಯಿರಿ. ಸೇಬಿನ ಡಬ್ಬದ ಮೇಲೆ ಕಾಶ್ಮೀರ, ಹಿಮಾಚಲ ಅಂತ ಅಚ್ಚು ಹಾಕಿರುತ್ತಾರೆ. ಚೀಲ, ಡಬ್ಬ ನೋಡಿ ಭೂಪಟದಲ್ಲಿ ಊರು ಹುಡುಕಲಿ. ಸೇಬು ನಮ್ಮಲ್ಲಿ ಯಾಕೆ ಬೆಳೆಯುವುದಿಲ್ಲ ಅಂತ ಮಗಳು ನನ್ನನ್ನು ಕೇಳಿದಳು, ಬಿಸಿಲು ಅಂದೆ. ಟೀಚರ್ ಆದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ.

ಲಾಭ, ನಷ್ಟದ ಲೆಕ್ಕ ಪುಸ್ತಕದಲ್ಲಿ ಬಹಳ ಸರಳ ಇರುತ್ತದೆ. ನಮ್ಮ ಲೆಕ್ಕ ಹೀಗೆ. 20 ಕಿಲೋ ಟೊಮೆಟೊ 400 ರೂಪಾಯಿಗೆ ತಂದೆ ಅಂದುಕೊಳ್ಳಿ. ಕಿಲೋಗೆ 20 ಬಿತ್ತು ಅಂತೀರಿ. ಅದರಲ್ಲಿ 4 ಕಿಲೋ ಕೆಟ್ಟರೆ ಉಳಿದದ್ದು 16, ಆಗ ಕಿಲೋಗೆ ಬಿದ್ದದ್ದು 25. 24ಕ್ಕೆ ಮಾರಿದರೂ ನಷ್ಟವೇ. ಇದರ ಮೇಲೆ ಹಮಾಲಿ, ಗಾಡಿ ಬಾಡಿಗೆ ಬೇರೆ. ಇದೇ ಟೊಮೆಟೊಗೆ ರೈತನಿಗೆ ಸವಾಲಿನಲ್ಲಿ (ಹರಾಜಿನಲ್ಲಿ) ಎಷ್ಟು ಸಿಕ್ಕಿತು ಅನ್ನುವುದನ್ನೂ ಮಕ್ಕಳು ಮನೆಯಲ್ಲಿ ಕೇಳಿ ಬರಲಿ. ಇಂಥ ಲೆಕ್ಕ ಬಂದ ಮಗುವಿಗೆ ಸಂತೆಯಲ್ಲಿ ಯಾರೂ ಮೋಸ ಮಾಡಲು ಆಗುವುದಿಲ್ಲ.

ಚಿತ್ತಾಪುರ_ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಅಂಗಡಿ ಅಣ್ಣನವರ ಮಾತು ಸರಿಯಾಗಿ ತಾಗಿತು, ಮಕ್ಕಳಿಗೆ ತರಲು ಹೇಳುವುದಿಲ್ಲ. ಮಾಸ್ತರರೇ, ಹಗ್ಗದ ಪಾಠ ಬಹಳ ಹಿಡಿಸಿತು, ಅದನ್ನು ಗ್ಯಾರಂಟಿ ಮಾಡುತ್ತೇನೆ.

ಮುಂದಿನ ವಾರ ಬಿಸಿಯೂಟದ ತಕ್ಕಡಿಯಿಂದ ಶುರು ಮಾಡುತ್ತೇನೆ, ಅದಕ್ಕೆ ಮುಖ್ಯ ಗುರುಗಳೂ ಒಪ್ಪಿದ್ದಾರೆ. ಆಮೇಲೆ ಸವತೆಕಾಯಿ. ಬಕೆಟ್ಟಿನ ಪ್ರಯೋಗ ಕಲ್ಲಂಗಡಿ ಅಗ್ಗವಾಗುವ ಫೆಬ್ರವರಿ, ಮಾರ್ಚಿಗೆ.

ಎರಡು ಸಂದೇಹ ಉಳಿದವು. ಎರಡು ತರಗತಿ ಒಂದೇ ಕೋಣೆಯಲ್ಲಿ ಇರುವಾಗ ಒಂದು ತರಗತಿಗೆ ಪ್ರಯೋಗ ನಡೆದರೆ ಇನ್ನೊಂದು ತರಗತಿ ಬರೆಯುವುದು ಬಿಟ್ಟು ಇಲ್ಲೇ ನೋಡುತ್ತದೆ. ಮತ್ತೆ ಚಾಕು ಯಾರ ಕೈಯಲ್ಲಿರಬೇಕು?

ಶಹಾಪುರ_ಗಣಿತ:

ಮೇಡಂ, ಬೇರೆ ಬೇರೆ ಮಾಡಬೇಡಿ, ಎರಡಕ್ಕೂ ಒಂದೇ ಸಾಮಾನು, ಪ್ರಶ್ನೆ ಮಾತ್ರ ಬೇರೆ. ಸವತೆಕಾಯಿಯನ್ನು 4ನೇ ತರಗತಿಯವರು ಸ್ಕೇಲಿನಿಂದ ಅಳೆದು ಅರ್ಧ, ಕಾಲು ಗುರುತು ಹಾಕಲಿ, ಅದೇ ಗುರುತನ್ನು 5ನೇ ತರಗತಿಯವರು ದಶಮಾಂಶದಲ್ಲಿ ಬರೆಯಲಿ. ತಕ್ಕಡಿ ಪಾಠದಲ್ಲಿ ಸಣ್ಣವರು ತೂಗುವುದು, ದೊಡ್ಡವರು ಲೆಕ್ಕ ಮಾಡುವುದು. ಇಬ್ಬರಿಗೂ ಒಬ್ಬರ ಉತ್ತರ ಇನ್ನೊಬ್ಬರಿಗೆ ಬೇಕಾಗುವ ಹಾಗೆ ಜೋಡಿಸಿದರೆ ಯಾರೂ ಸುಮ್ನೆ ನೋಡುತ್ತಾ ಕೂರುವುದಿಲ್ಲ.

ಚಾಕು ನಿಮ್ಮ ಕೈಯಲ್ಲೇ ಇರಲಿ. ಗುರುತು ಮಕ್ಕಳದು, ಕತ್ತರಿಸುವುದು ನಿಮ್ಮದು. ಬಾಳೆಹಣ್ಣು, ಬೆಂದ ಆಲೂಗಡ್ಡೆಯನ್ನು ಸ್ಟೀಲ್ ಸ್ಕೇಲಿನಿಂದ ಅವರೇ ಕತ್ತರಿಸಬಹುದು, ಸ್ಕೇಲ್ ತೊಳೆದಿರಲಿ. ಹಸಿಮೆಣಸಿನಕಾಯಿ ಯಾವ ಮಗುವಿಗೂ ಬಿಡಿಸಲು ಕೊಡಬೇಡಿ, ಆ ಕೈಯಲ್ಲೇ ಕಣ್ಣು ಉಜ್ಜಿಕೊಳ್ಳುತ್ತಾರೆ. ರಂಜಾನ್ ತಿಂಗಳು ಬಂದರೆ ರೋಜಾ ಇರುವ ಮಕ್ಕಳು ತರಗತಿಯಲ್ಲಿ ಇದ್ದಾರಾ ನೋಡಿಕೊಂಡು ತಿನ್ನುವ ಪಾಠ ಮುಂದೆ ಹಾಕಿ, ತೊಗರಿ ಎಣಿಸುವುದು, ಹಗ್ಗ ಕಟ್ಟುವುದು ಆಗ ಮಾಡಬಹುದು. ತಕ್ಕಡಿ ಪಾಠ ಹೇಗಾಯಿತು ಅಂತ ಇಲ್ಲೇ ಬರೆಯಿರಿ, ಸಿಪ್ಪೆಯ ಶೇಕಡಾ ಎಷ್ಟು ಬಂತು ಅನ್ನುವುದನ್ನೂ ಹಾಕಿ. ನಮ್ಮ ಮಕ್ಕಳ ಲೆಕ್ಕದ ಜೊತೆ ಹೋಲಿಸಿ ನೋಡೋಣ.